ಗೋದಾವರಿ ದಾಟಿದ ಮೇಲೆ

ನಮ್ಮ ಮನೆಯ ವಿಮಾನ ಯಾವಾಗಲೂ ಗೋದಾವರಿ ದಾಟಿದ ಮೇಲೆಯೇ ಕೈಕೊಡುತ್ತಿತ್ತು. ಅಲ್ಲಿಯವರೆಗೆ ಸಾಧು ಹಸುವಿನ ಹಾಗೆ ಹೋಗುತ್ತಿದ್ದದ್ದು, ನದಿ ಹಿಂದೆ ಬಿದ್ದು ಕಾಡು ಶುರುವಾಗುತ್ತಿದ್ದಂತೆ ಮೂಗು ಎತ್ತುವುದು, ಇಳಿಸುವುದು, ಮತ್ತೆ ಇನ್ನಷ್ಟು ಎತ್ತುವುದು. ಕೊನೆಗೆ ಟುಂಯ್ ಟುಂಯ್ ಎಂದು ಬಡಿದುಕೊಂಡು ಆಟೋಪೈಲಟ್ ತನ್ನಷ್ಟಕ್ಕೆ ತಾನೇ ಬಿಟ್ಟುಬಿಡುತ್ತಿತ್ತು.

ಮನೆಯ ವಿಮಾನ ಎಂದರೆ ಯಾರೂ ಹುಬ್ಬೇರಿಸಬೇಕಿಲ್ಲ. ವಿಜಯನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಮೊದಲು ಅಪ್ಪನ ಮಂಚ ಇದ್ದ ಜಾಗದಲ್ಲಿ, ಒಂದು ಕಂಪ್ಯೂಟರ್, ಅದಕ್ಕೆ ಸಿಕ್ಕಿಸಿದ ಹಳೆಯ ಟಿವಿ, ಮೇಜಿನ ಮೇಲೊಂದು ಜಾಯ್‌ಸ್ಟಿಕ್. ಅಷ್ಟೇ. ಪರದೆಯ ಮೇಲೆ ವಿಮಾನದ ಮೀಟರುಗಳ ಮುಳ್ಳುಗಳು, ಗುಂಡಿಗಳು ಕಾಣುತ್ತವೆ, ಕಿಟಕಿಯಾಚೆ ನೆಲ ಕಾಣುತ್ತದೆ. ಇಷ್ಟು ಎತ್ತರ, ಈ ದಿಕ್ಕು ಎಂದು ಆಟೋಪೈಲಟ್‌ಗೆ ಹೇಳಿಬಿಟ್ಟರೆ ಅದೇ ಹಿಡಿದುಕೊಂಡು ಹೋಗುತ್ತದೆ, ನಾವು ಕೈಕಟ್ಟಿ ಕೂರಬಹುದು. ನಾನು ಈ ಸಿಮ್ಯುಲೇಟರ್ ಹಾಕಿಸಿಕೊಂಡದ್ದೇ ಕೈಕಟ್ಟಿ ಕೂರುವುದಕ್ಕೆ.

ನನ್ನ ಕೆಲಸ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ, ಟೆಸ್ಟಿಂಗ್ ವಿಭಾಗದಲ್ಲಿ. ಲಿಫ್ಟುಗಳ ಕಂಟ್ರೋಲ್ ಬೋರ್ಡುಗಳು ಕೆಟ್ಟು ವಾಪಸ್ ಬರುತ್ತವೆ; ಎಲ್ಲಿ ಕೆಟ್ಟಿದೆ ಎಂದು ನಾನು ಹುಡುಕಬೇಕು. ವಾರವಿಡೀ ಬೇರೆಯವರು ಕೆಡಿಸಿದ್ದನ್ನು ಹುಡುಕಿ, ಮೆಟ್ರೋದಲ್ಲಿ ಕಂಬಿ ಹಿಡಿದು ನಿಂತು ಮನೆಗೆ ಬರುವಾಗ ಈ ಸೊಂಟ ನನ್ನದಲ್ಲ ಅನ್ನಿಸುತ್ತದೆ. ಐವತ್ತು ದಾಟಿದ ಮೇಲೆ ಮನುಷ್ಯನಿಗೆ ಬೇಕಾಗಿರುವುದು ಯಾರೂ ಏನೂ ಕೇಳದ ಒಂದು ಭಾನುವಾರ. ಅದೂ ನನಗೆ ಹೆಚ್ಚು ದಿನ ದಕ್ಕಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಮ್ಮ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದು ನನ್ನ ಹಿಂದೆ ನಿಂತಳು. ಪರದೆಯಲ್ಲಿ ಯಾವುದೋ ಕೆರೆ ಹಾದುಹೋಗುತ್ತಿತ್ತು.

“ಇದು ಎಲ್ಲಿಗ್ ಬೇಕಾದ್ರೂ ಹೋಯ್ತದಾ?”

“ಹೋಗುತ್ತಮ್ಮ.”

“ಕಾಶಿಗೆ?”

ನಾನು ಉಪ್ಪಿಟ್ಟು ಬಾಯಿಗೆ ಹಾಕಿಕೊಂಡು ಹೂಂ ಅಂದೆ. ಅಲ್ಲಿಗೆ ನನ್ನ ಭಾನುವಾರಗಳ ಕಥೆ ಮುಗಿಯಿತು.

ಕಾಶಿ ನಮ್ಮ ಮನೆಯಲ್ಲಿ ಹಳೆಯ ಮಾತು. ಅಪ್ಪ ಬಿನ್ನಿಪೇಟೆಯ ಮಿಲ್ಲಿನಲ್ಲಿದ್ದವರು. ಮದುವೆಯಾದ ಹೊಸದರಲ್ಲೇ ಅಮ್ಮನಿಗೆ ಕಾಶಿ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದರಂತೆ. ಮಕ್ಕಳು ಸ್ವಲ್ಪ ದೊಡ್ಡವರಾಗಲಿ ಅಂದರು. ಅಷ್ಟರಲ್ಲಿ ಮಿಲ್ಲು ನಿಂತಿತು. ಮನೆಯೊಂದು ಆಗಲಿ ಅಂದರು. ಮನೆಯ ಹಿಂದೆಯೇ ತಂಗಿಯ ಮದುವೆ ಬಂತು, ಮದುವೆಯ ಹಿಂದೆ ಅವರ ಮಂಡಿನೋವು ಬಂತು. ಹೀಗೆ ಕಾಶಿ ನಾಳೆ ನಾಳೆ ಎಂದು ಮುಂದಕ್ಕೆ ಹೋಗಿ, ಎರಡು ವರ್ಷದ ಹಿಂದೆ ಅಪ್ಪನೇ ಹೊರಟುಹೋದರು. ಆಮೇಲೆ ಅಮ್ಮನ ಹೃದಯ ಸೋತಿತು. ರೈಲೂ ಬೇಡ, ವಿಮಾನವೂ ಬೇಡ, ಮೆಟ್ಟಿಲು ಹತ್ತುವುದನ್ನೇ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿಬಿಟ್ಟರು. ಕಾಶಿಯ ಮಾತು ಅಂದಿನಿಂದ ಮನೆಯಲ್ಲಿ ನಿಂತಿತ್ತು.

ಅಪ್ಪನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವರು ಭಾರೀ ಆಳು. ಬಸ್ಸು ಬಂದರೆ ಊರೆಲ್ಲ ಮುಂದಿನ ಸೀಟಿಗೆ ನುಗ್ಗುತ್ತಿದ್ದರೆ, ಅವರು ಹಿಂದೆ ಓಡಿ ಕೊನೆಯ ಸಾಲಿನ ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿಯುತ್ತಿದ್ದರು. ಎಲೆಅಡಿಕೆ ಉಗಿಯಲು ಅದೇ ಅನುಕೂಲ, ಹಿಂದಿನ ಕಿಟಕಿಯಲ್ಲಿ ಕೂತು ಬೈಯುವವರು ಯಾರೂ ಇರುವುದಿಲ್ಲ ಎಂಬುದು ಅವರ ವಾದ. ಅಮ್ಮ ಮುಂದೆ ಹೆಂಗಸರ ಸೀಟಿನಲ್ಲಿ, ಅವರು ಹಿಂದೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಮಂತ್ರಾಲಯ ಎಲ್ಲವನ್ನೂ ಇಬ್ಬರೂ ಹೀಗೆಯೇ ನೋಡಿ ಬಂದರು.

ಟಿವಿಯಲ್ಲಿ ಕಾಶಿಗೆ ಹೋಗುವುದಕ್ಕೂ ಅಮ್ಮ ಕಟ್ಟುಪಾಡು ಹಾಕಿದಳು. ದೊಡ್ಡ ಜೆಟ್ ವಿಮಾನ ಬೇಡ, ಅಷ್ಟು ಮೇಲಿಂದ ಹೊಳೆಗಳು ಕಾಣುವುದಿಲ್ಲ. ನಡುವೆ ದಾರಿಯನ್ನು ಬೇಗ ಬೇಗ ಓಡಿಸಿಬಿಡುವುದು, ಬಿಟ್ಟು ಮುಂದಕ್ಕೆ ಹೋಗಿಬಿಡುವುದು ಮಾಡಕೂಡದು. ಎಷ್ಟು ಹೊತ್ತಾಗುತ್ತದೋ ಅಷ್ಟು ಹೊತ್ತೂ ಕೂತೇ ಹೋಗಬೇಕು. “ಯಾತ್ರೆ ಅಂದ್ಮೇಲೆ ಸೊಂಟ ನೋಯ್ಬೇಕು ಕಣಪ್ಪ” ಅಂದಳು. ನೋಯುವ ಸೊಂಟ ಯಾರದು ಎಂದು ಅವಳು ಕೇಳಲಿಲ್ಲ. ಒಂಟಿ ಎಂಜಿನ್ನಿನ, ಆರು ಸೀಟಿನ ಒಂದು ಸಣ್ಣ ವಿಮಾನವನ್ನು ಆರಿಸಿಕೊಂಡೆ. ಬೆಳಗಿನ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟದ ಹೊತ್ತು ಮೀರಿ ಕಾಶಿ ಸೇರುವ ಲೆಕ್ಕ. ಭಾನುವಾರದ ರಾಹುಕಾಲ ಸಂಜೆಗೆ ಬೀಳುವುದರಿಂದ ಅದೊಂದು ತಕರಾರು ಮಾತ್ರ ಇರಲಿಲ್ಲ.

ಹೊರಡುವ ಹಿಂದಿನ ದಿನ ನನ್ನ ಹೆಂಡತಿ ಅಮ್ಮನನ್ನು ಕೆಣಕಿದಳು. ಅವಳು ಬ್ಯಾಂಕಿನಲ್ಲಿ ಇಡೀ ದಿನ ಗಂಭೀರವಾಗಿದ್ದು ಬಂದು ಮನೆಯಲ್ಲಿ ಅತ್ತೆಯ ಜೊತೆ ನಗುವುದನ್ನು ರೂಢಿ ಮಾಡಿಕೊಂಡವಳು.

“ಅತ್ತೆ, ಕಾಶಿಗೆ ಹೋದ್ರೆ ತುಂಬಾ ಇಷ್ಟವಾದದ್ದೊಂದನ್ನ ಬಿಟ್ಟು ಬರ್ಬೇಕಲ್ಲ. ನೀವೇನು ಬಿಡ್ತೀರಾ?”

“ಹಾಗಲಕಾಯಿ.”

“ಅದನ್ನ ನೀವು ಮುಟ್ಟೋದೂ ಇಲ್ಲ. ಅವರೆಕಾಯಿ ಬಿಡಿ ನೋಡೋಣ.”

ಅಮ್ಮನ ಮುಖ ಸಪ್ಪಗಾಯಿತು. ಸೊಗಡಿನ ಅವರೆ ಬಂತೆಂದರೆ ನಮ್ಮ ಮನೆಯಲ್ಲಿ ತಿಂಡಿಗೂ ಅದೇ, ಸಾರಿಗೂ ಅದೇ. “ಹೋದ್ಮೇಲೆ ನೋಡಣ ಸುಮ್ಕಿರು. ಅಲ್ಲಿ ಏನು ಬಿಡಿಸ್ತಾನೋ ಅವ್ನಿಗೇ ಗೊತ್ತು” ಎಂದು ಮಾತು ಮುಗಿಸಿದಳು.

ಜಕ್ಕೂರಿನ ವಿಮಾನದ ಪಟ್ಟಿಯಿಂದ ಹೊರಟೆವು. ಅಮ್ಮ ರೇಷ್ಮೆ ಅಂಚಿನ ಸೀರೆ ಉಟ್ಟು, ಕೈಚೀಲದಲ್ಲಿ ನೀರಿನ ಬಾಟಲಿ, ಮಾತ್ರೆ, ನಿಂಬೆಹಣ್ಣು ಇಟ್ಟುಕೊಂಡು ನನ್ನ ಹಿಂದೆ ಊಟದ ಮನೆಯ ಕುರ್ಚಿ ಹಾಕಿಕೊಂಡು ಕೂತಳು. ಹೊರಡುವ ಮುಂಚೆ ಅವಳನ್ನು ನಗಿಸಲೆಂದು ತೂಕದ ಪುಟ ತೆರೆದು ತೋರಿಸಿದೆ. ಮೇಲಿನಿಂದ ನೋಡಿದ ಹಾಗೆ ವಿಮಾನದ ಚಿತ್ರ, ಆರು ಸೀಟು. ಪ್ರತಿ ಸೀಟಿನ ಪಕ್ಕ ಒಂದು ಗೆರೆ. ಗೆರೆಯ ಮೇಲಿನ ಗುಂಡಿಯನ್ನು ಮೌಸಿನಿಂದ ಎಳೆದರೆ ಅಲ್ಲಿ ಅಷ್ಟು ತೂಕದ ಮನುಷ್ಯ ಕೂತಂತೆ. ನಿನ್ನ ತೂಕ ಎಷ್ಟಮ್ಮ ಎಂದರೆ, “ಹೆಂಗಸರ ತೂಕ ಕೇಳ್ತೀಯಲ್ಲೋ” ಎಂದು ಅವಳೇ ಮೌಸು ಕಿತ್ತುಕೊಂಡು ತನ್ನ ಸೀಟಿನದನ್ನು ಸಾಕಷ್ಟು ಕಡಿಮೆಗೆ ಎಳೆದುಕೊಂಡಳು. ಟ್ಯಾಬ್ಲೆಟ್ಟಿನಲ್ಲಿ ಇಸ್ಪೀಟು ಆಡುವವಳಿಗೆ ಇದೇನೂ ಕಷ್ಟವಿರಲಿಲ್ಲ. ಎಂಜಿನ್ ಬಿಸಿಯಾಗಲಿ ಎಂದು ಬಿಟ್ಟು ನಾನು ಕಾಫಿ ತರಲು ಒಳಗೆ ಹೋದೆ.

ಮೊದಲು ನಮ್ಮ ಏರಿಯಾದ ಮೇಲೆ ಒಂದು ಸುತ್ತು. ರಾಜಾಜಿನಗರ, ಬಸವೇಶ್ವರನಗರ ದಾಟಿ ವಿಜಯನಗರಕ್ಕೆ ಬಂದರೆ ನಮ್ಮ ಮನೆ ಇರಬೇಕಾದ ಕಡೆ ಯಾವುದೋ ಹತ್ತಂತಸ್ತಿನ ಕಟ್ಟಡ ನಿಂತಿತ್ತು. ಸಿಮ್ಯುಲೇಟರ್ ತನಗೆ ತೋಚಿದ ಹಾಗೆ ಮನೆಗಳನ್ನು ಕಟ್ಟುತ್ತದೆ. “ಮಾರೇನಹಳ್ಳಿ ಕಡೆ ಹಂಗೇ ಕಟ್ತಾವ್ರೆ, ನಮ್ದೂ ಯಾವತ್ತೋ ಒಂದಿನ ಹಂಗೇ ಆಗೋದು” ಎಂದು ಅಮ್ಮ ಸಮಾಧಾನ ಮಾಡಿಕೊಂಡಳು.

ಆಮೇಲೆ ದಾರಿ ಸುಮ್ಮನೆ ಸಾಗಿತು. ಆಟೋಪೈಲಟ್ ಹಿಡಿದುಕೊಂಡಿತ್ತು. ಬಯಲು, ಬಂಡೆ, ಒಣ ಕೆರೆಗಳು. ಕೃಷ್ಣೆ ಬಂದಾಗ ಅಮ್ಮ ಎದ್ದು ಟಿವಿಗೆ ಕೈಮುಗಿದಳು. ಗೋದಾವರಿ ಬಂದಾಗ ಇನ್ನೊಂದು ಸಲ. ಒಮ್ಮೆ ಬಚ್ಚಲಿಗೆ ಹೋಗುವಾಗ ತನ್ನ ಮನೆಯಲ್ಲೇ, ತನ್ನ ಕುರ್ಚಿಯ ಮೇಲೆಯೇ, ಕರ್ಚೀಫು ಹಾಕಿ ಹೋದಳು. ನಾನು ನಕ್ಕೆ. ಬಹಳ ದಿನದ ಮೇಲೆ ನನಗೆ ದಣಿವು ಮರೆತಿತ್ತು.

ಗೋದಾವರಿ ದಾಟಿ ಸ್ವಲ್ಪ ಹೊತ್ತಿಗೆ ವಿಮಾನದ ಮೂಗು ಮೇಲೆದ್ದಿತು. ಆಟೋಪೈಲಟ್ ಅದನ್ನು ಕೆಳಗೆ ತಂದಿತು, ತರುವಾಗ ಅತಿಯಾಯಿತು. ಮತ್ತೆ ಎತ್ತಿತು, ಅದೂ ಅತಿಯಾಯಿತು. ಎತ್ತಿನಗಾಡಿ ಹಳ್ಳಕ್ಕೆ ಬಿದ್ದೆದ್ದ ಹಾಗೆ ಇಡೀ ಪರದೆ ತೂಗತೊಡಗಿತು. ಟುಂಯ್ ಟುಂಯ್. ನಾನು ಜಾಯ್‌ಸ್ಟಿಕ್ ಹಿಡಿದು ಸಂಭಾಳಿಸಲು ನೋಡಿದೆ, ಕೈ ಸಾಲಲಿಲ್ಲ. ಕಾಡಿನ ಮರಗಳು ಗಿರ್ರನೆ ತಿರುಗುತ್ತ ಮೇಲೆ ಬಂದವು. ನೆಲಕ್ಕೆ ಬಡಿಯುವುದನ್ನು ಅಮ್ಮ ನೋಡಬಾರದೆಂದು ಟಿವಿ ಆರಿಸಿಬಿಟ್ಟೆ.

ಕಪ್ಪು ಪರದೆಯಲ್ಲಿ ನಮ್ಮಿಬ್ಬರ ಮುಖ ಕಂಡಿತು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

“ಎಲ್ರಿಗೂ ಏನಾಯ್ತು ಮಗ?”

“ಏನೂ ಆಗಿಲ್ಲಮ್ಮ, ಇದು ಬರೀ ಆಟ” ಎಂದೆ. ಇದ್ದದ್ದು ನಾವಿಬ್ಬರು, ಎಲ್ಲರಿಗೂ ಏನಾಗಬೇಕು ಎಂದು ಆಗ ನನಗೆ ಹೊಳೆಯಲಿಲ್ಲ.

ಮುಂದಿನ ವಾರಗಳನ್ನು ನೆನೆದರೆ ಈಗಲೂ ಕಣ್ಣುರಿಯುತ್ತದೆ. ಆಫೀಸಿನಿಂದ ಬಂದು ಕೈಕಾಲು ತೊಳೆದು, ಮತ್ತೆ ದೋಷ ಹುಡುಕಲು ಕೂರುವುದು. ನಮ್ಮ ಕೆಲಸದಲ್ಲಿ ಒಂದು ನೇಮವಿದೆ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಎರಡು ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಮೊದಲು ಜಾಯ್‌ಸ್ಟಿಕ್ ಮೇಲೆ ಅನುಮಾನ ಬಂತು. ಹಳೆಯದಾದರೆ ಅದು ಯಾರೂ ಮುಟ್ಟದಿದ್ದರೂ ಸಣ್ಣಗೆ ನಡುಗುತ್ತದೆ. ಪೈಲಟ್ ಕೈ ಹಾಕಿದ ಎಂದುಕೊಂಡು ಆಟೋಪೈಲಟ್ ಬಿಟ್ಟುಕೊಡುತ್ತದೆ. ನಾಗರಬಾವಿಯಲ್ಲಿ ಬಾಡಿಗೆ ರೂಮಿನಲ್ಲಿದ್ದ ಲಾ ಕಾಲೇಜಿನ ಹುಡುಗನೊಬ್ಬ ತನ್ನದನ್ನು ಮಾರುತ್ತಿದ್ದ. “ಎಕ್ಸಾಮ್ ಇದೆ ಸಾರ್, ಇದು ಮನೇಲಿದ್ರೆ ನಾನು ಪಾಸಾಗಲ್ಲ” ಎಂದು ಕೈಗೆ ಕೊಟ್ಟ. ಜಾಯ್‌ಸ್ಟಿಕ್ ಬದಲಾಯಿತು. ಆಮೇಲೆ ಕೇಬಲ್ ಬದಲಾಯಿಸಿದೆ. ಒಂದೇ ಗುಂಡಿಗೆ ಎರಡು ಕೆಲಸ ಅಂಟಿಕೊಂಡಿದೆಯೇ ಎಂದು ಒಂದೊಂದಾಗಿ ನೋಡಿದೆ. ಗಾಳಿ ಮಳೆಯನ್ನೆಲ್ಲ ತೆಗೆದು ಆಕಾಶವನ್ನು ತೊಳೆದಿಟ್ಟ ಹಾಗೆ ಮಾಡಿದೆ. ಇಂಟರ್ನೆಟ್ಟಿನಲ್ಲಿ ನನ್ನಂಥ ದಣಿದ ಗಂಡಸರು ಬರೆದದ್ದನ್ನೆಲ್ಲ ಓದಿದೆ. ಒಬ್ಬೊಬ್ಬರದು ಒಂದೊಂದು ಮದ್ದು, ಮದ್ದು ಹೆಚ್ಚಾದಷ್ಟೂ ರೋಗ ಗೊಂದಲ.

ಎರಡನೇ ಶನಿವಾರ ರಜೆಯಿತ್ತು. ಅಮ್ಮ ತಂಗಿಯ ಮನೆಗೆ ಕೆಂಗೇರಿಗೆ ಹೋಗಿದ್ದಳು. ನಾನೊಬ್ಬನೇ ಕೂತು ಅದೇ ದಾರಿ ಹಿಡಿದೆ. ಗೋದಾವರಿ ದಾಟಿತು, ಕಾಡು ದಾಟಿತು, ವಿಮಾನ ಕೂದಲೆಳೆಯಷ್ಟೂ ಅಲುಗಲಿಲ್ಲ. ಗೆದ್ದೆ ಎಂದುಕೊಂಡು ಮರುದಿನ ಅಮ್ಮನನ್ನು ಕೂರಿಸಿಕೊಂಡೆ. ಅದೇ ವಿಮಾನ, ಅದೇ ಜಾಯ್‌ಸ್ಟಿಕ್, ಅದೇ ಆಕಾಶ. ಗೋದಾವರಿ ಹಿಂದೆ ಬಿದ್ದಿತು, ಮೂಗು ಮೇಲೆದ್ದಿತು. ಟುಂಯ್ ಟುಂಯ್.

ಈ ಸಲ ಬೀಳುವವರೆಗೂ ಕಾಯದೆ ನಾನೇ ನಿಲ್ಲಿಸಿದೆ. ಅಮ್ಮ ಕೈಚೀಲದಿಂದ ನಿಂಬೆಹಣ್ಣು ತೆಗೆದು ಸುಮ್ಮನೆ ಉರುಳಿಸುತ್ತಿದ್ದಳು.

“ನೀನೊಬ್ನೇ ಹೋದಾಗ ಸರಿ ಹೋಯ್ತಲ್ವಾ?”

“ಹೂಂ.”

“ನಾನು ಕೂತ್ರೆ ಕೆಡ್ತದೆ.”

“ಹಂಗೆಲ್ಲ ಏನಿಲ್ಲಮ್ಮ.”

“ಇರ್ಲಿ ಬಿಡು. ಗಂಡ ಹೋದೋಳ ಕಾಲ್ಗುಣ. ಯಾರೂ ಬಾಯಿಬಿಟ್ಟು ಹೇಳಲ್ಲ, ಅಷ್ಟೇ.”

ನನಗೆ ಸಿಟ್ಟು ಬಂತು. ಅಂಥ ಮಾತನ್ನು ಯಾರು ಅವಳ ತಲೆಗೆ ಹಾಕಿದರೋ, ಯಾವ ಮದುವೆ ಮನೆಯಲ್ಲಿ ಯಾರು ಅವಳನ್ನು ನೋಡಿ ಪಕ್ಕಕ್ಕೆ ಸರಿದರೋ, ಅವರ ಮೇಲೆ ಬರಬೇಕಾದ ಸಿಟ್ಟು ಅವಳ ಮೇಲೆಯೇ ಬಂತು. ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡೆ. ಏಕೆಂದರೆ ಲೆಕ್ಕದಲ್ಲಿ ಅವಳು ಹೇಳಿದ್ದೇ ಸರಿಯಿತ್ತು. ಒಂದೊಂದನ್ನೇ ಬದಲಾಯಿಸುತ್ತ ಬಂದ ನನ್ನ ಪರೀಕ್ಷೆಯಲ್ಲಿ ಉಳಿದ ಒಂದೇ ಒಂದು ವ್ಯತ್ಯಾಸ ನನ್ನ ತಾಯಿ.

“ಇನ್ನೊಂದ್ ಸಲ ನೋಡಣ” ಎಂದು ಏಳುವಾಗ ಅವಳು ಹೇಳಿದಳು. “ಮೂರನೇ ಸಲಾನೂ ಹಿಂಗೇ ಆದ್ರೆ ಬಿಟ್ಬಿಡಣ ಮಗ. ಕಾಶಿಗೆ ನಾವು ಹೋಗೋದಲ್ಲ, ಅವ್ನು ಕರೆಸ್ಕಬೇಕು. ಕರೀತಿಲ್ಲ ಅಂದ್ಮೇಲೆ ಬಾಗಿಲು ಬಡಿಯೋದು ಮರ್ಯಾದೆ ಅಲ್ಲ.”

ಅವಳು ಒಮ್ಮೆ ಬಿಟ್ಟಳೆಂದರೆ ಬಿಟ್ಟಳೇ. ಆ ಕಾಲ್ಗುಣದ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಕೊನೆಯವರೆಗೂ ಇಟ್ಟುಕೊಳ್ಳುತ್ತಾಳೆ ಎಂದು ನನಗೆ ಗೊತ್ತಿತ್ತು. ಕಾಶಿ ತಲುಪದಿದ್ದರೆ ಹಾಳಾಗಿ ಹೋಗಲಿ, ಆ ಗಂಟು ಉಳಿಯುವುದು ನನ್ನಿಂದ ನೋಡಲಾಗುತ್ತಿರಲಿಲ್ಲ.

“ಯಾಕ್ರೀ ಅಷ್ಟು ತಲೆ ಕೆಡಿಸ್ಕೊತೀರಾ? ಅರ್ಧ ದಾರಿಯಿಂದ ಶುರು ಮಾಡಿ ಕಾಶಿ ತೋರಿಸ್ಬಿಡಿ” ಎಂದು ಹೆಂಡತಿ ಹೇಳಿದಳು. ಅದು ಆಗುವ ಮಾತೇ. ಆದರೆ ಅಮ್ಮನಿಗೆ ಗೊತ್ತಾಗುತ್ತದೆ. ಹೊಳೆಗಳ ಲೆಕ್ಕ ಅವಳ ಬಾಯಲ್ಲಿತ್ತು.

ಮೂರನೇ ಸಲದ ಭಾನುವಾರಕ್ಕೆ ನನಗೆ ಉಳಿದಿದ್ದ ಅನುಮಾನ ಅಮ್ಮನ ಕುರ್ಚಿ. ಅವಳು ಕಾಲು ಅಲ್ಲಾಡಿಸುವಾಗ ಕೇಬಲ್‌ಗೆ ತಗುಲುತ್ತಿರಬಹುದು, ಮೇಜು ಅದುರುತ್ತಿರಬಹುದು ಎಂದುಕೊಂಡು ಅವಳ ಕುರ್ಚಿಯನ್ನು ಎತ್ತಿ ಬಾಗಿಲ ಹತ್ತಿರ ಇಟ್ಟೆ. ಸ್ನಾನ ಮಾಡಿ, ಅದೇ ರೇಷ್ಮೆ ಅಂಚಿನ ಸೀರೆಯಲ್ಲಿ ಬಂದ ಅಮ್ಮ ಕುರ್ಚಿ ನೋಡಿದಳು, ನನ್ನನ್ನು ನೋಡಿದಳು, ದೂರ ಹೋಗಿ ಕೂತಳು. ಕೇಬಲ್ಲಿನ ವಿಷಯ ವಿವರಿಸಿದೆ. “ಸರಿ ಕಣಪ್ಪ” ಅಂದಳು. ನಂಬಲಿಲ್ಲ. ಕಾಫಿ ನೆಪದಲ್ಲಿ ಒಳಗೆ ಹೋಗಿ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಬಂದೆ.

ಆ ದಿನ ಕೃಷ್ಣೆಗೆ ಅಮ್ಮ ಕೂತಲ್ಲಿಂದಲೇ ಕೈಮುಗಿದಳು. ಗೋದಾವರಿ ಹತ್ತಿರವಾದಂತೆ ಕುರ್ಚಿಯ ತುದಿಗೆ ಬಂದಳು. ನದಿ ದಾಟಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೂಗು ಮೆಲ್ಲಗೆ, ಗೊತ್ತಾಗದ ಹಾಗೆ, ಎದ್ದಿತು.

“ಬಂತು” ಎಂದಳು ಅಮ್ಮ.

ಮಾಡಲು ಇನ್ನೇನೂ ಉಳಿದಿರಲಿಲ್ಲ. ಎರಡು ರೆಕ್ಕೆಯ ಪೆಟ್ರೋಲು ಸಮನಾಗಿ ಖಾಲಿಯಾಗುತ್ತಿದೆಯೇ ನೋಡೋಣ ಎಂದು, ಭರವಸೆಯಿಂದೇನಲ್ಲ, ಸುಮ್ಮನಿರಲಾರದೆ, ಪೆಟ್ರೋಲಿನ ಲೆಕ್ಕ ತೆರೆದೆ. ಪೆಟ್ರೋಲೂ ಸೀಟುಗಳ ತೂಕವೂ ಒಂದೇ ಪುಟದಲ್ಲಿರುತ್ತವೆ. ಹಾರುತ್ತಿರುವಾಗ ಆ ಪುಟವನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ. ಪೆಟ್ರೋಲು ಸಮನಾಗಿತ್ತು. ಮುಂದೆ ನನ್ನ ಸೀಟು ತುಂಬಿತ್ತು, ನನ್ನ ಹಿಂದೆ ಅಮ್ಮನ ಸೀಟು ತುಂಬಿತ್ತು. ಮತ್ತೆ ಕೊನೆಯ ಸಾಲಿನ ಕಿಟಕಿ ಸೀಟಿನ ಪಕ್ಕದ ಗೆರೆಯಲ್ಲಿ ಗುಂಡಿ ಆ ತುದಿಗೆ ಹೋಗಿ ನಿಂತಿತ್ತು. ಯಾರೋ ಭಾರೀ ಆಳು ಕೂತಷ್ಟು ತೂಕ.

“ಇದೇನಿದು, ಇಲ್ಲಿ ಯಾರು...” ಎಂದು ಮೌಸು ಅಲ್ಲಿಗೆ ಒಯ್ದು ಗುಂಡಿಯನ್ನು ಸೊನ್ನೆಗೆ ಎಳೆಯಲು ಹೋದೆ. ಅಮ್ಮ ಅಷ್ಟು ಬೇಗ ಹೇಗೆ ಎದ್ದು ಬಂದಳೋ. ಅವಳ ಕೈ ನನ್ನ ಕೈಯ ಮೇಲಿತ್ತು.

“ತೆಗೀಬ್ಯಾಡ ಕಣೋ. ನಿಮ್ಮಪ್ಪ ಕೂತವ್ರೆ.”

ನಾನು ಆಟ ನಿಲ್ಲಿಸಿದೆ. ಪರದೆಯಲ್ಲಿ ವಿಮಾನ ಕಾಡಿನ ಮೇಲೆ ಮೂಗೆತ್ತಿ ಹಾಗೆಯೇ ನಿಂತಿತು.

ಪ್ರತಿ ಸಲವೂ ನಾನು ಕಾಫಿಗೆ ಒಳಗೆ ಹೋದಾಗ ಅವಳು ಮೌಸು ಹಿಡಿದು ಅಪ್ಪನಿಗೆ ಜಾಗ ಹಿಡಿದಿದ್ದಳು. ಅವರು ಕೂರುವ ಕೊನೆಯ ಸಾಲು, ಕಿಟಕಿಯ ಪಕ್ಕ. “ಕರ್ಕೊಂಡೋಯ್ತೀನಿ ಅಂದೋರು ಅವ್ರು. ಅವ್ರನ್ನ ಬಿಟ್ಟು ನಾನೊಬ್ಳೇ ಹೆಂಗ್ ಹೋಗ್ಲಿ? ಹೇಳಿದ್ರೆ ನೀನು ಬ್ಯಾಡ ಅಂತಿದ್ದೆ” ಅಂದಳು. ಆಮೇಲೆ, ತಪ್ಪು ಮಾಡಿ ಸಿಕ್ಕಿಬಿದ್ದವರ ದನಿಯಲ್ಲಿ, “ಕೊನೇಲಿ ಆಸ್ಪತ್ರೇಲಿ ತೂಗಿದ್ರಲ್ಲ, ಆ ತೂಕ ಹಾಕಿಲ್ಲ. ಮಿಲ್ಲಿಗೆ ಹೋಗ್ತಿದ್ದಾಗ ಹೆಂಗಿದ್ರೋ ಹಂಗೆ ಹಾಕಿವ್ನಿ” ಅಂದಳು.

ಆಸ್ಪತ್ರೆಯ ಮಂಚದಲ್ಲಿ ಅಪ್ಪ ಹೊದಿಕೆಯ ಕೆಳಗೆ ಇದ್ದಾರೋ ಇಲ್ಲವೋ ಅನ್ನುವಷ್ಟು ಸಣ್ಣಗಾಗಿದ್ದರು. ನನ್ನ ನೆನಪಿನಲ್ಲಿ ಉಳಿದಿದ್ದವರೂ ಅವರೇ. ಅಮ್ಮ ಹತ್ತಿಸಿಕೊಂಡು ಬಂದದ್ದು ಬೇರೆ ಅಪ್ಪನನ್ನು.

ದೋಷ ಸಿಕ್ಕಿತ್ತು. ಅಮ್ಮನಿಗೆ ಹೇಳಿದೆ. ಸ್ಕೂಟರಿನ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಹೋದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಆಡುತ್ತದಲ್ಲ, ಹಾಗೆ. ಈ ವಿಮಾನದಲ್ಲಿ ಪೆಟ್ರೋಲು ತುಂಬುವ ರೆಕ್ಕೆಗಳು ಮುಂದಿನ ಕಡೆ ಇವೆ. ಹೊರಟಾಗ ಅದರ ಭಾರ ಅಪ್ಪನ ಭಾರಕ್ಕೆ ಸರಿಹೋಗುತ್ತದೆ. ಗೋದಾವರಿ ಹೊತ್ತಿಗೆ ಪೆಟ್ರೋಲು ಕರಗಿ ಮುಂದೆ ಹಗುರಾಗುತ್ತದೆ, ಹಿಂದೆ ಅಪ್ಪ ಹಾಗೆಯೇ ಇರುತ್ತಾರೆ. ಬಾಲ ಕುಸಿದು ಮೂಗು ಏಳುತ್ತದೆ, ಆಟೋಪೈಲಟ್ ಗುದ್ದಾಡಿ ಸೋತು ಕೈಬಿಡುತ್ತದೆ. ಹೊಸದಾಗಿ ಹೊರಟಾಗಲೆಲ್ಲ ಹಿಂದಿನ ಸೀಟುಗಳು ಖಾಲಿಯಿರುತ್ತವೆ; ನಾನೊಬ್ಬನೇ ಹೋದಾಗ ಅಪ್ಪ ಇರಲಿಲ್ಲ, ಅದಕ್ಕೇ ಸರಿಹೋಯಿತು.

ಅಮ್ಮ ಕಣ್ಣು ಕಿರಿದು ಮಾಡಿ ಕೇಳಿದಳು. “ಹಂಗಾದ್ರೆ ನನ್ನಿಂದ ಅಲ್ಲ?”

“ಅಲ್ವೇ ಅಲ್ಲಮ್ಮ.”

“ಇವ್ರಿಂದ?”

“ಅಪ್ಪ ಹಿಂದೆ ಕೂತಿದ್ರಿಂದ.”

ಅವಳು ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಎದೆಗೆ ಕೈ ಇಟ್ಟುಕೊಂಡು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತಳು. “ಯಾವಾಗ್ಲೂ ಇವ್ರದ್ದೇ ಕಣೋ. ಬದುಕಿರೋವರ್ಗೂ ಕಾಶಿಗೆ ಇವ್ರಿಂದ್ಲೇ ತಡ, ಈಗ್ಲೂ ಇವ್ರಿಂದ್ಲೇ. ನಾನು ನೋಡು, ಸುಮ್ನೆ ನನ್ನ ಕಾಲನ್ನೇ ಬೈಕಂಡಿದ್ದೆ.”

“ಮುಂದೆ ಕೂರಿಸ್ಲಾ? ನನ್ನ ಪಕ್ಕದ ಸೀಟು ಖಾಲಿ ಇದೆ.”

“ಮುಂದೆ ಕೂತ್ರೆ ಎಲೆಅಡಿಕೆ ಉಗಿಯೋದೆಲ್ಲಿ?” ಎಂದವಳು ತುಸು ಯೋಚಿಸಿ, “ಕೂರ್ಸು. ಇವತ್ತೊಂದಿನ ಬಾಯಿ ಕಟ್ಕಂಡು ಬರ್ಲಿ” ಎಂದಳು.

ಹಿಂದಿನ ಸೀಟಿನ ಗುಂಡಿಯನ್ನು ಸೊನ್ನೆಗೆ ತಂದು ಮುಂದಿನ ಸೀಟಿನದನ್ನು ಅಷ್ಟೇ ದೂರ ಎಳೆದೆ. ಆಟವನ್ನು ಮತ್ತೆ ಓಡಲು ಬಿಟ್ಟೆ. ವಿಮಾನ ಒಮ್ಮೆ ತೂಗಿತು, ಇನ್ನೊಮ್ಮೆ ಸ್ವಲ್ಪ ತೂಗಿತು, ಆಮೇಲೆ ನೆಟ್ಟಗಾಯಿತು. ಆಟೋಪೈಲಟ್ ಒತ್ತಿದೆ. ಹಿಡಿಯಿತು.

ಅಲ್ಲಿಂದ ಮುಂದೆ ನನಗೆ ಕೆಲಸವಿರಲಿಲ್ಲ. ಕೈಕಟ್ಟಿ ಕೂತು ಪರದೆಯ ಬಲಗಡೆ ಕಾಣುವ ಖಾಲಿ ಸೀಟಿನ ಅಂಚನ್ನು ಮತ್ತೆ ಮತ್ತೆ ನೋಡಿದೆ. ಅಪ್ಪ ಹೋದಾಗ ಆಸ್ಪತ್ರೆಯ ಓಡಾಟ, ನೆಂಟರ ಊಟ, ಹನ್ನೊಂದನೇ ದಿನದ ಕಾರ್ಯ ಎಂದು ನನಗೆ ದಣಿವಾಗಿತ್ತೇ ಹೊರತು ದುಃಖಕ್ಕೆ ಪುರುಸೊತ್ತಾಗಿರಲಿಲ್ಲ. ಆ ಮಧ್ಯಾಹ್ನ ದುಃಖವಾಯಿತು. ಅಪ್ಪ ಬೇಕು ಅನ್ನಿಸಿತು. ಅಮ್ಮನಿಗೆ ಕಾಣದ ಹಾಗೆ ಕಣ್ಣೊರೆಸಿಕೊಂಡೆ. ಅವಳು ಕಂಡೂ ಕಾಣದವಳಂತೆ ಕಿಟಕಿಯಾಚೆ ನೋಡುತ್ತಿದ್ದಳು.

ಕಾಡು ಮುಗಿಯಿತು. ನರ್ಮದೆ ಹುಟ್ಟುವ ಬೆಟ್ಟ ಕೆಳಗೆ ಹಾದುಹೋಯಿತು. ಹೆಂಡತಿ ತಟ್ಟೆಯಲ್ಲಿ ಮೊಸರನ್ನ ತಂದಿಟ್ಟು ಹೋದಳು. ಬಿಸಿಲು ನಮ್ಮ ಕಿಟಕಿಯಿಂದ ಸರಿದು ಮೇಜಿನ ಕಾಲಿಗೆ ಬಂದಿತ್ತು. ಕೊನೆಗೆ ಬೂದು ಬಯಲಿನಲ್ಲಿ ಒಂದು ದೊಡ್ಡ ನೀರು ಬಾಗಿ ಬರುವುದು ಕಂಡಿತು.

“ಗಂಗೆ” ಎಂದೆ.

ಅಮ್ಮ ಎದ್ದು ನಿಂತಳು. ಸಿಮ್ಯುಲೇಟರಿನ ಕಾಶಿಯಲ್ಲಿ ನೋಡಲು ಏನೂ ಇಲ್ಲ. ಸ್ನಾನಘಟ್ಟಗಳಿಲ್ಲ, ಗುಡಿಯಿಲ್ಲ, ದಂಡೆಯುದ್ದಕ್ಕೂ ಕಂದು ಪೆಟ್ಟಿಗೆಗಳನ್ನು ಜೋಡಿಸಿಟ್ಟ ಹಾಗೆ ಮನೆಗಳು. ನನಗೆ ನಾಚಿಕೆಯಾಯಿತು, ಇಷ್ಟಕ್ಕಾಗಿ ಇಷ್ಟು ದೂರ ಕರೆತಂದೆನಲ್ಲ ಎಂದು. ಅಮ್ಮ ಮಾತ್ರ ಕೈಮುಗಿದು, ತುಟಿ ಅಲ್ಲಾಡಿಸುತ್ತ, ಆ ಪೆಟ್ಟಿಗೆಗಳ ನಡುವೆ ಏನನ್ನೋ ಹುಡುಕಿ ನೋಡುತ್ತಿದ್ದಳು. ಅವಳಿಗಾಗಿ ಹೊಳೆಯ ಮೇಲೆ ಎರಡು ಸುತ್ತು ಹಾಕಿ, ಊರ ಹೊರಗಿನ ನಿಲ್ದಾಣಕ್ಕೆ ಇಳಿಸಿದೆ. ಎಂಜಿನ್ ನಿಲ್ಲಿಸಿದೆ. ಹೊರಗೆ ನಮ್ಮ ರಸ್ತೆಯಲ್ಲಿ ಯಾರೋ ಸೊಪ್ಪು ಮಾರುತ್ತ ಕೂಗಿಕೊಂಡು ಹೋದರು.

“ಬಂದಂಗಾಯ್ತಲ್ಲ” ಎಂದು ಅಮ್ಮ ಮತ್ತೆ ಕೂತಳು. “ಇಳಿದಂಗೇನಾ ಈಗ?”

“ಇಳಿದಂಗೇ.”

“ಆ ತೂಕದ್ದು ತೆಗಿ.”

ತೆರೆದೆ. ಅವಳು ನನ್ನ ಕೈಯಿಂದ ಮೌಸು ತೆಗೆದುಕೊಂಡಳು. ಕನ್ನಡಕ ಸರಿಮಾಡಿಕೊಂಡಳು. ಮುಂದಿನ ಸೀಟಿನ ಗುಂಡಿಯನ್ನು ಹಿಡಿದು, ಅಕ್ಕಿ ಅಳೆಯುವಾಗ ಚೆಲ್ಲದ ಹಾಗೆ ನಿಧಾನ ಮಾಡುತ್ತಾಳಲ್ಲ, ಅಷ್ಟು ನಿಧಾನವಾಗಿ ಎಳೆಯುತ್ತ ಎಳೆಯುತ್ತ ಸೊನ್ನೆಗೆ ತಂದಳು. ನಡುವೆ ಒಮ್ಮೆ ನಿಲ್ಲಿಸಿದಳು. ಆಮೇಲೆ ಮತ್ತೆ ಎಳೆದಳು.

“ಅವ್ರು ಇಲ್ಲೇ ಇರ್ಲಿ. ನಾವು ಹೋಗಣ” ಎಂದಳು. ಎದ್ದು ಸೀರೆ ಬದಲಾಯಿಸಲು ಒಳಗೆ ಹೋದಳು.

ಆಮೇಲೆ ಅವಳು ಆ ಕೋಣೆಗೆ ಬಂದು ಎಲ್ಲಿಗೂ ಕರೆದುಕೊಂಡು ಹೋಗು ಎಂದು ಕೇಳಿಲ್ಲ. ಭಾನುವಾರಗಳು ನನಗೆ ವಾಪಸ್ ಸಿಕ್ಕಿವೆ. ನಾನು ಆ ವಿಮಾನವನ್ನು ಬಿಟ್ಟು ಈಗ ಬೇರೊಂದನ್ನು ಹಾರಿಸುತ್ತೇನೆ, ಎರಡೇ ಸೀಟಿನದು.

ಚಳಿ ಬಿದ್ದ ಮೇಲೆ ಹೆಂಡತಿ ಮಾರ್ಕೆಟ್ಟಿಗೆ ಹೊರಟವಳು ಚೀಲ ಹಿಡಿದು ಬಾಗಿಲಲ್ಲಿ ನಿಂತು ಕೇಳಿದಳು. “ಅತ್ತೆ, ಸೊಗಡವರೆ ಬಂದಿದೆಯಂತೆ. ತರ್ಲಾ ಬೇಡ್ವಾ? ಕಾಶಿಗೆ ಹೋಗಿ ಬಂದೋರು ನೀವು.”

“ತತ್ತಾ, ಅದನ್ನೇನು ಬಿಟ್ಟಿಲ್ಲ” ಅಂದಳು ಅಮ್ಮ.

“ಮತ್ತೇನು ಬಿಟ್ರಿ?”

ಅಮ್ಮ ನನ್ನ ಕಡೆ ನೋಡಲಿಲ್ಲ. “ಜಾಸ್ತೀನೇ ತತ್ತಾ, ಹಿತಕಿದಬೇಳೆ ಮಾಡಣ” ಅಂದಳು. ಸಂಜೆ ಮೊರ ತುಂಬ ಅವರೆಕಾಯಿ ಹಾಕಿಕೊಂಡು ಬಾಗಿಲಲ್ಲಿ ಕೂತು ಸುಲಿದಳು. ಅತ್ತೆ ಕಾಶಿಯಲ್ಲಿ ಏನು ಬಿಟ್ಟರು ಎಂದು ಹೆಂಡತಿ ಈಗಲೂ ಆಗಾಗ ನನ್ನನ್ನು ಕೇಳುತ್ತಾಳೆ. ನಾನು ಹೇಳಿಲ್ಲ.